‘ಗ್ರೈಪ್’ ಎಂಬ ಒಂದು ಮಾತು

ಗ್ರೈಪ್ ವಾಟರ್ ಕುಡಿಯದೆ ದೊಡ್ಡವರಾದವರು ನಮ್ಮ ಸಂಘದಲ್ಲಿ ಹೆಚ್ಚು ಜನ ಇರಲಾರರು. ಎಳೆಮಗು ಕಾಲು ಮಡಚಿಕೊಂಡು ಒಂದೇ ಸಮನೆ ಅಳುತ್ತಿದ್ದರೆ ಮನೆಯ ಹಿರಿಯರು ಮೊದಲು ಹುಡುಕುತ್ತಿದ್ದುದು ಆ ಬಾಟಲನ್ನು. ವಾಟರ್ ಎಂದರೆ ನೀರು ಎಂಬುದು ಎಲ್ಲರಿಗೂ ಗೊತ್ತು. ‘ಗ್ರೈಪ್’ ಎಂದರೇನು ಎಂದು ಕೇಳಿದವರು ಕಡಿಮೆ. ಅದು ಔಷಧದ ಹೆಸರು, ಅಷ್ಟೆ.

ಹೋದ ತಿಂಗಳ ಸಭೆಯಲ್ಲಿ ಮೊದಲ ವರ್ಷದ ಒಬ್ಬ ವಿದ್ಯಾರ್ಥಿನಿ ಒಂದು ಇಂಗ್ಲಿಷ್ ಪುಸ್ತಕ ವಿಮರ್ಶೆಯನ್ನು ಕನ್ನಡಕ್ಕೆ ತರುತ್ತ ಅರ್ಧದಲ್ಲಿ ನಿಂತಳು. ವಿಮರ್ಶಕರು ಪುಸ್ತಕವನ್ನು ಬಾಯ್ತುಂಬ ಹೊಗಳಿ, ಕೊನೆಗೆ ‘ನನ್ನ ಒಂದೇ ಒಂದು ಗ್ರೈಪ್ ಏನೆಂದರೆ’ ಎಂದು ಒಂದು ಮಾತು ಸೇರಿಸಿದ್ದರು. “ಇದಕ್ಕೆ ಕನ್ನಡದಲ್ಲಿ ಏನನ್ನೋದು?” ಎಂದಳು. ಹಿಂದಿನ ಬೆಂಚಿನಿಂದ “ಹೊಟ್ಟೆನೋವು” ಅಂತ ಉತ್ತರ ಬಂತು. ಎಲ್ಲರೂ ನಕ್ಕರು. ನಗು ಬರುವ ಉತ್ತರವೇ. ಆದರೆ ಹಾಗೆ ಹೇಳಿದ ಮಹಾಶಯ ಗುರಿಯಿಂದ ಬಹಳ ದೂರವೇನೂ ಇರಲಿಲ್ಲ.

ಈ ಲೇಖನ ಆ ಪ್ರಶ್ನೆಗೆ ಉತ್ತರ. ಪ್ರಶ್ನೆ ಒಂದೇ ಪದದ್ದಾದರೂ ಉತ್ತರ ಸ್ವಲ್ಪ ದೂರ ಹೋಗುತ್ತದೆ. ಏಕೆಂದರೆ ಬಿಡದೆ ಗೊಣಗುವವನ ಮಾತಿಗೆ ನಾವು ಯಾವ ಹೆಸರು ಕೊಡುತ್ತೇವೋ ಅದರ ಮೇಲೆ, ಆ ಮಾತನ್ನು ಕಿವಿಗೆ ಹಾಕಿಕೊಳ್ಳುತ್ತೇವೋ ಇಲ್ಲವೋ ಎಂಬುದೂ ನಿಂತಿದೆ.

ಹಿಡಿತದಿಂದ ಹೊಟ್ಟೆಗೆ

ಗ್ರೈಪ್ ಎಂಬುದು ಇಂಗ್ಲಿಷಿನ ಬಹಳ ಹಳೆಯ ಪದಗಳಲ್ಲಿ ಒಂದು. ಹಳೆಯ ಇಂಗ್ಲಿಷಿನಲ್ಲಿ ಅದರ ರೂಪ ‘ಗ್ರೀಪನ್’. ಅರ್ಥ ‘ಹಿಡಿ’, ‘ಬಿಗಿಯಾಗಿ ಹಿಡಿದುಕೋ’. ಜರ್ಮನ್ ಭಾಷೆಯ ‘ಗ್ರೈಫೆನ್’ ಇದರ ದಾಯಾದಿ. ನಮಗೆಲ್ಲ ಗೊತ್ತಿರುವ ‘ಗ್ರಿಪ್’ ಎಂಬ ಪದ, ಅಂದರೆ ಬ್ಯಾಟಿನ ಹಿಡಿಗೆ ಸುತ್ತುವ ಗ್ರಿಪ್ಪು, ಬಸ್ಸಿನ ಟಯರಿಗೆ ಇರಬೇಕಾದ ಗ್ರಿಪ್ಪು, ಇದೂ ಅದೇ ಮನೆಯದು. ಕತ್ತಲಲ್ಲಿ ತಡಕಾಡುವುದಕ್ಕೆ ಇಂಗ್ಲಿಷಿನಲ್ಲಿರುವ ‘ಗ್ರೋಪ್’ ಕೂಡ ಅದೇ ಬಳ್ಳಿಯ ಕಾಯಿ.

ಮೊದಲು ಕೈ ಹಿಡಿಯುತ್ತಿತ್ತು. ಆಮೇಲೆ ನೋವು ಹಿಡಿಯತೊಡಗಿತು. ಹೊಟ್ಟೆಯಲ್ಲಿ ಕರುಳನ್ನು ಯಾರೋ ಮುಷ್ಟಿಯಲ್ಲಿ ಹಿಡಿದು ಹಿಂಡಿದಂತಾಗುವ ಶೂಲೆಗೆ ಇಂಗ್ಲಿಷಿನವರು ಗ್ರೈಪ್ ಎಂದರು. ಬಾಟಲಿನ ಮೇಲಿರುವುದು ಈ ಅರ್ಥ. ಇಂಗ್ಲೆಂಡಿನಲ್ಲಿ ವಿಲಿಯಂ ವುಡ್‌ವರ್ಡ್ ಎಂಬ ಔಷಧ ವ್ಯಾಪಾರಿ 1851ರಲ್ಲಿ ಈ ನೀರನ್ನು ತಯಾರಿಸಿದರು. ಆಗಿನ ಮಿಶ್ರಣದಲ್ಲಿ ಸಬ್ಬಸಿಗೆಯ ಎಣ್ಣೆ, ಸೋಡ, ಸಕ್ಕರೆಯ ಜೊತೆಗೆ ಒಂದಿಷ್ಟು ಆಲ್ಕೋಹಾಲೂ ಇತ್ತು; ಮಕ್ಕಳು ಬೇಗ ಸುಮ್ಮನಾಗುತ್ತಿದ್ದುದರಲ್ಲಿ ಆಶ್ಚರ್ಯವಿಲ್ಲ! ಭಾರತದಲ್ಲಿ ಅದು ಮನೆಮಾತಾದದ್ದು ನಮ್ಮ ಚೆನ್ನೈ ಮೂಲಕ. 1928ರಲ್ಲಿ ಟಿ. ಟಿ. ಕೃಷ್ಣಮಾಚಾರಿಯವರು ಮದರಾಸಿನಲ್ಲಿ ಹುಟ್ಟುಹಾಕಿದ ಟಿಟಿಕೆ ಸಂಸ್ಥೆಯೇ ವುಡ್‌ವರ್ಡ್ಸ್ ಗ್ರೈಪ್ ವಾಟರನ್ನು ಇಲ್ಲಿನ ಮನೆಗಳಿಗೆ ತಲುಪಿಸಿತು. ಮುಂದೆ ಎರಡು ಸಲ ದೇಶದ ಹಣಕಾಸಿನ ಮಂತ್ರಿಯಾದವರೂ ಇದೇ ಕೃಷ್ಣಮಾಚಾರಿಯವರೇ.

ಮೂರನೆಯ ಹೆಜ್ಜೆ ಇಪ್ಪತ್ತನೆಯ ಶತಮಾನದ್ದು. ಅಮೆರಿಕದ ಆಡುಮಾತಿನಲ್ಲಿ ಗ್ರೈಪ್ ಎಂಬುದು ಹೊಟ್ಟೆಯಿಂದ ಬಾಯಿಗೆ ಬಂತು. ಒಂದೇ ವಿಷಯವನ್ನು ಹಿಡಿದುಕೊಂಡು, ಪರಿಹಾರ ಸಿಗುವ ಭರವಸೆಯೂ ಇಲ್ಲದೆ, ಸಿಕ್ಕಿದವರ ಮುಂದೆಲ್ಲ ಅಸಮಾಧಾನ ಹೇಳಿಕೊಳ್ಳುವುದಕ್ಕೆ ಗ್ರೈಪ್ ಎಂದರು. ಅದಕ್ಕೆ ಮೊದಲೇ, ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ, ‘ಬೆಲಿಏಕ್’ ಅಂದರೆ ಸಾಕ್ಷಾತ್ ‘ಹೊಟ್ಟೆನೋವು’ ಎಂಬ ಪದವನ್ನೇ ಅವರು ಗೊಣಗಾಟ ಎಂಬ ಅರ್ಥದಲ್ಲಿ ಬಳಸುತ್ತಿದ್ದರು. ಹಿಂದಿನ ಬೆಂಚಿನ ಉತ್ತರ ಏಕೆ ಪೂರ್ತಿ ಹುಸಿಯಲ್ಲ ಎಂಬುದು ಈಗ ತಿಳಿದಿರಬೇಕು.

ಇಲ್ಲಿ ವಿದ್ಯಾರ್ಥಿಗಳಿಗೆ ಒಂದು ಎಚ್ಚರಿಕೆ. ಇಂಗ್ಲಿಷ್–ಕನ್ನಡ ನಿಘಂಟುಗಳಿಗೂ ನಮ್ಮ ಈ ಊರಿಗೂ ಹಳೆಯ ನಂಟಿದೆ. ವಿಲಿಯಂ ರೀವ್ ಪಾದ್ರಿಯ ನಿಘಂಟು 1824ರಲ್ಲಿ ಅಚ್ಚಾದದ್ದು ಮದರಾಸಿನಲ್ಲಿ. ಆದರೆ ರೀವ್ ಕಾಲಕ್ಕೆ ಗ್ರೈಪಿಗೆ ಗೊಣಗು ಎಂಬ ಅರ್ಥವೇ ಹುಟ್ಟಿರಲಿಲ್ಲ. ಹಳೆಯ ಕೋಶಗಳಲ್ಲಿ ಹುಡುಕಿದರೆ ಹಿಡಿತ, ಶೂಲೆ ಇವೇ ಸಿಗಬೇಕು, ಮೂರನೆಯದು ಸಿಗಲಾರದು. ಕೋಶ ನೋಡುವ ಮೊದಲು ಕೋಶದ ಇಸವಿ ನೋಡಬೇಕು ಎಂದು ನಮ್ಮ ಮೇಷ್ಟ್ರುಗಳು ಹೇಳುತ್ತಿದ್ದುದು ಇದಕ್ಕೇ.

ನಮ್ಮ ಹೊಟ್ಟೆಯ ಮಾತು

ಹೊಟ್ಟೆಗೂ ದೂರಿಗೂ ಗಂಟು ಹಾಕಿದ್ದು ಇಂಗ್ಲಿಷಿನವರು ಮಾತ್ರ ಎಂದುಕೊಳ್ಳಬೇಡಿ. ‘ಸಂಕಟ’ ಎಂಬ ಪದವನ್ನೇ ನೋಡಿ. ಸಂಸ್ಕೃತದಲ್ಲಿ ಅದರ ಮೂಲ ಅರ್ಥ ಇಕ್ಕಟ್ಟಾದದ್ದು, ಕಿರಿದಾದದ್ದು. ನಮ್ಮಲ್ಲಿ “ಹೊಟ್ಟೇಲಿ ಒಂಥರಾ ಸಂಕಟ ಆಗ್ತಿದೆ” ಎಂದರೆ ದೇಹದ ಬಾಧೆ. “ಪಾಪ, ತನ್ನ ಸಂಕಟ ಹೇಳಿಕೊಂಡ” ಎಂದರೆ ಮನಸ್ಸಿನ ಬಾಧೆ, ಅದನ್ನು ಬಾಯಲ್ಲಿ ಆಡಿದ್ದು. ಇಕ್ಕಟ್ಟು, ಹೊಟ್ಟೆ, ಮಾತು: ಗ್ರೈಪ್ ನಡೆದ ದಾರಿಯಲ್ಲೇ ಸಂಕಟವೂ ನಡೆದು ಬಂದಿದೆ.

ಇನ್ನೂ ಒಂದು ಸ್ವಾರಸ್ಯವಿದೆ. ಯಾರಾದರೂ ನಮಗೆ ತಪ್ಪು ಮಾಡಿ ಕ್ಷಮೆ ಕೇಳುವಾಗ “ಹೊಟ್ಟೆಗೆ ಹಾಕ್ಕೊಳ್ಳಿ” ಎನ್ನುತ್ತಾರೆ. ಅಂದರೆ ದೂರನ್ನು ಹೊರಗೆ ಬಿಡಬೇಡಿ, ನುಂಗಿ ಅರಗಿಸಿಕೊಳ್ಳಿ ಎಂದು. ಅರಗಿದರೆ ಅದು ಕ್ಷಮೆ. ಅರಗದಿದ್ದರೆ? ಅರಗದೆ ಉಳಿದದ್ದು ಮತ್ತೆ ಮತ್ತೆ ಗಂಟಲಿಗೆ ಬರುತ್ತದೆ. ಅದೇ ಗ್ರೈಪ್.

ಅಕ್ಕಪಕ್ಕದ ಮನೆಯವರು

ಬಿಡದೆ ಗೊಣಗುವುದಕ್ಕೆ ಇಂಗ್ಲಿಷಿನಲ್ಲಿ ಇನ್ನೂ ಹತ್ತಾರು ಪದಗಳಿವೆ. ಅನುವಾದ ಮಾಡುವವರು ಎಲ್ಲಕ್ಕೂ ‘ಗೊಣಗು’ ಎಂದು ಒಂದೇ ಮೊಹರು ಒತ್ತಿಬಿಡುತ್ತಾರೆ. ಅದು ಸರಿಯಲ್ಲ. ಮುಖ್ಯವಾದ ಕೆಲವನ್ನು ನೋಡೋಣ.

‘ಗ್ರಂಬಲ್’ ಎಂಬುದು ಸದ್ದಿನಿಂದ ಹುಟ್ಟಿದ ಪದ. ಗುಡುಗಿನ ಹಾಗೆ ಒಳಗೊಳಗೇ ಉರುಳುವ ದನಿ. ನಮ್ಮ ಗೊಣಗು, ಗೊಣಗುಟ್ಟು ಇದಕ್ಕೆ ಸರಿಜೋಡಿ. ನಮ್ಮ ವ್ಯಾಕರಣದಲ್ಲಿ ಅನುಕರಣಾವ್ಯಯ ಎನ್ನುವ ಗುಂಪು ಇದೆಯಲ್ಲ, ಅಲ್ಲಿ ಈ ಸರಕು ರಾಶಿ ರಾಶಿ ಬಿದ್ದಿದೆ: ಗೊಣಗೊಣ, ವಟವಟ, ಪಿರಿಪಿರಿ, ಕಿರಿಕಿರಿ. ತಮಿಳಿನ ಮುಣುಮುಣು, ತೊಣತೊಣ ಎಂಬುವನ್ನು ನಾವು ದಿನವೂ ಕೇಳುತ್ತೇವೆ. ಇಂಥ ಜೋಡಿಸದ್ದಿನ ಪದಗಳು ಭಾರತದ ಭಾಷೆಗಳಿಗೆಲ್ಲ ಸಮಾನವಾದ ಒಂದು ಲಕ್ಷಣ ಎಂದು ದ್ರಾವಿಡ ಭಾಷಾತಜ್ಞ ಎಮೆನೋ 1969ರ ಒಂದು ಲೇಖನದಲ್ಲಿ ವಿಸ್ತಾರವಾಗಿ ತೋರಿಸಿಕೊಟ್ಟರು.

‘ವೈನ್’ ಎಂಬುದು ಮೊದಲು ಬಾಣ ಗಾಳಿಯಲ್ಲಿ ಸುಂಯ್ ಎಂದು ಹೋಗುವ ಸದ್ದು. ಆಮೇಲೆ ಅದು ಮೂಗಿನಲ್ಲಿ ಎಳೆದಾಡುವ ದನಿಯಾಯಿತು. ಇಲ್ಲಿ ‘ಗೊಣಗು’ ಹಾಕಿದರೆ ಕೆಡುತ್ತದೆ. ‘ರಾಗ ಎಳೆ’ ಅಥವಾ ‘ರೊಳ್ಳೆ ತೆಗೆ’ ಎನ್ನಬೇಕು. ಗೊಣಗುವವನ ದನಿ ಕೆಳಗಿಳಿಯುತ್ತದೆ, ರೊಳ್ಳೆ ತೆಗೆಯುವವನ ದನಿ ಮೇಲೇರುತ್ತದೆ.

‘ನ್ಯಾಗ್’ ಎಂಬುದು ಉತ್ತರ ಯುರೋಪಿನ ಭಾಷೆಗಳಿಂದ ಬಂದದ್ದು. ಅಲ್ಲಿ ಅದಕ್ಕೆ ಕಡಿ, ಇಲಿಯ ಹಾಗೆ ಮೆಲ್ಲಗೆ ಕೊರೆ ಎಂಬ ಅರ್ಥ. ನಮ್ಮವರು ‘ತಲೆ ತಿನ್ನು’, ‘ಪ್ರಾಣ ತಿನ್ನು’, ‘ಕೊರೆ’ ಎನ್ನುವಾಗ ಅದೇ ಹಲ್ಲು ಕಾಣುತ್ತದೆ. ಚೆನ್ನೈ ಹುಡುಗರು ಬೇಸರ ಹುಟ್ಟಿಸುವ ಮಾತಿಗೆ ‘ಅರುವೈ’ ಅಂದರೆ ಕೊಯ್ತ ಎನ್ನುತ್ತಾರೆ, ನಮ್ಮ ಹುಡುಗರು “ಕುಯ್ಬೇಡ ಮಾರಾಯ” ಎನ್ನುತ್ತಾರೆ. ಹಲ್ಲಾಗಲಿ ಕತ್ತಿಯಾಗಲಿ, ಗಾಯ ಕೇಳುವವನಿಗೆ.

‘ಕಾರ್ಪ್’ ಎಂದರೆ ಬರೀ ಹುಳುಕು ಹುಡುಕುವುದು. ಇದಕ್ಕೆ ಕನ್ನಡದಲ್ಲಿ ಪದವೇಕೆ, ಚಿತ್ರವೇ ಇದೆ: ‘ಮೊಸರಲ್ಲಿ ಕಲ್ಲು ಹುಡುಕು’. ‘ಗ್ರೌಸ್’ ಎಂಬುದು ಬ್ರಿಟಿಷ್ ಸಿಪಾಯಿಗಳ ಬ್ಯಾರಕ್ಕಿನಿಂದ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬಂದ ಪದ; ಅದೇ ಹೆಸರಿನ ಹಕ್ಕಿಗೂ ಇದಕ್ಕೂ ಸಂಬಂಧವಿಲ್ಲ. ‘ಹಾರ್ಪ್’ ಎಂಬುದು ವೀಣೆಯಂಥ ಒಂದು ವಾದ್ಯದ ಹೆಸರು. ಒಂದೇ ತಂತಿಯನ್ನು ಮೀಟುತ್ತಿರುವುದು ಎಂಬ ಅರ್ಥದಿಂದ ಹೇಳಿದ್ದನ್ನೇ ಹೇಳು ಎಂದಾಯಿತು. ನಮ್ಮಲ್ಲಿ ಆ ಕೆಲಸಕ್ಕೆ ‘ಹಾಡಿದ್ದೇ ಹಾಡೋ ಕಿಸಬಾಯಿ ದಾಸ’ ಇದ್ದಾನೆ.

ಪೂರ್ವ ಯುರೋಪಿನ ಯಹೂದಿಗಳು ಅಮೆರಿಕಕ್ಕೆ ಹೋದಾಗ ತಮ್ಮ ಯಿಡ್ಡಿಷ್ ಭಾಷೆಯಿಂದ ‘ಕ್ವೆಚ್’ ಎಂಬ ಪದವನ್ನು ಕೊಂಡೊಯ್ದರು. ಅದರ ಅಕ್ಷರಾರ್ಥ ‘ಹಿಂಡು’, ‘ಒತ್ತು’. ನೋಡಿ, ಮತ್ತೆ ಮುಷ್ಟಿ! “ಜೀವ ಹಿಂಡ್ತಾನೆ” ಎಂದು ನಾವೂ ಹೇಳುತ್ತೇವೆ. ಆದರೆ ನಮ್ಮಲ್ಲಿ ಹಿಂಡಿಸಿಕೊಳ್ಳುವವನು ಕೇಳುಗ. ಗ್ರೈಪಿನಲ್ಲಾದರೋ ಹಿಡಿತಕ್ಕೆ ಸಿಕ್ಕವನು ಹೇಳುವವನೇ. ಈ ವ್ಯತ್ಯಾಸ ಸಣ್ಣದಲ್ಲ. ನ್ಯಾಗ್ ಎಂಬ ಪದ ಕೇಳುಗನ ಪರವಾಗಿ ಮಾತಾಡುತ್ತದೆ. ಗ್ರೈಪ್ ಎಂಬ ಪದದ ಹುಟ್ಟಿನಲ್ಲಾದರೂ ಹೇಳುವವನ ನೋವಿನ ನೆನಪಿದೆ.

ಕನ್ನಡ ಸಾಹಿತ್ಯದ ವಿದ್ಯಾರ್ಥಿಗಳು ಇಲ್ಲಿ ‘ರಗಳೆ’ಯನ್ನು ಮರೆಯುವಂತಿಲ್ಲ. ಹರಿಹರ ಶಿವಶರಣರ ಕಥೆಗಳನ್ನು ಹಾಡಿದ ಛಂದಸ್ಸು ಅದು. ಪಾದಗಳ ಸಂಖ್ಯೆಗೆ ಮಿತಿಯಿಲ್ಲ, ಕವಿಗೆ ಉಸಿರಿರುವ ತನಕ ಸಾಗಬಹುದು. ಅದೇ ರಗಳೆ ಮನೆಯಲ್ಲಿ “ಇವನದೊಂದು ರಗಳೆ” ಆಗುತ್ತದೆ. ಸಾಲಿನ ಮೇಲೆ ಸಾಲು ಬಂದು ಮುಗಿಯದಿರುವುದು ಎರಡಕ್ಕೂ ಸಮಾನ. ಭಕ್ತಿ ಮಾತ್ರ ಒಂದಕ್ಕೇ.

ನನ್ನ ಗ್ರೈಪ್, ಅವನ ಗ್ರೈಪ್

ಇನ್ನು ಬಳಕೆಯ ಮಾತು. ಗ್ರೈಪ್ ಕ್ರಿಯಾಪದವೂ ಹೌದು, ನಾಮಪದವೂ ಹೌದು. ‘ಅಬೌಟ್’ ಜೊತೆಗೆ ಹೆಚ್ಚಾಗಿ ಬರುತ್ತದೆ. ಅದು ಆಡುಮಾತಿನ ಪದ; ಪ್ರಿನ್ಸಿಪಾಲರಿಗೆ ಕೊಡುವ ಅರ್ಜಿಯಲ್ಲಿ ಬರೆಯುವಂಥದ್ದಲ್ಲ. ಇಷ್ಟನ್ನು ಯಾವ ನಿಘಂಟಾದರೂ ಹೇಳೀತು. ನಿಘಂಟು ಒತ್ತಿ ಹೇಳದ ಒಂದು ಸೂಕ್ಷ್ಮವಿದೆ. ಈ ಪದ ಯಾರ ಬಾಯಲ್ಲಿ ಯಾರ ವಿಷಯಕ್ಕೆ ಬರುತ್ತದೆ ಎಂಬುದರ ಮೇಲೆ ಅದರ ತೂಕ ಬದಲಾಗುತ್ತದೆ.

‘ನನ್ನ ಒಂದು ಗ್ರೈಪ್’ ಎಂದರೆ ವಿನಯ. ನನ್ನ ಆಕ್ಷೇಪ ಸಣ್ಣದು, ದೊಡ್ಡದು ಮಾಡಬೇಡಿ ಎಂದು ಹೇಳುವವನೇ ತನ್ನ ಮಾತನ್ನು ತಗ್ಗಿಸಿಕೊಳ್ಳುತ್ತಾನೆ. ‘ಅವನು ಯಾವಾಗಲೂ ಗ್ರೈಪ್ ಮಾಡುತ್ತಿರುತ್ತಾನೆ’ ಎಂದರೆ ತಿರಸ್ಕಾರ. ಅವನ ಆಕ್ಷೇಪ ಸಣ್ಣದು, ಕಿವಿಗೊಡಬೇಡಿ ಎಂದು ಬೇರೆಯವರು ಅದನ್ನು ತಗ್ಗಿಸುತ್ತಾರೆ. ಪದ ಒಂದೇ. ಒಂದರಲ್ಲಿ ತಾನೇ ತಲೆ ಬಾಗಿಸುವುದು, ಇನ್ನೊಂದರಲ್ಲಿ ಇನ್ನೊಬ್ಬರ ತಲೆ ಹಿಡಿದು ಬಾಗಿಸುವುದು.

ಹಾಗಾಗಿ ಎರಡಕ್ಕೂ ಒಂದೇ ಕನ್ನಡ ಪದ ಹೊಂದುವುದಿಲ್ಲ. ಮೊದಲನೆಯದಕ್ಕೆ ನನ್ನ ಆಯ್ಕೆ ‘ತಕರಾರು’. “ಈ ಕಾದಂಬರಿ ಬಗ್ಗೆ ನಂದೊಂದು ಸಣ್ಣ ತಕರಾರಿದೆ” ಎಂದು ವಿಚಾರಸಂಕಿರಣಗಳಲ್ಲಿ ಎಷ್ಟು ಸಲ ಕೇಳಿಲ್ಲ! ಕೋರ್ಟು ಕಚೇರಿಗಳಿಂದ ಬಂದ ಈ ಪದ ನಮ್ಮ ವಿಮರ್ಶೆಯಲ್ಲಿ ಸಾಧುವಾಗಿ ಕೂತುಬಿಟ್ಟಿದೆ. ಅದರ ಮೂಲ ಅರಬ್ಬಿ. ಅಲ್ಲಿ ‘ತಕ್ರಾರ್’ ಎಂದರೆ ಪುನರಾವರ್ತನೆ, ಹೇಳಿದ್ದನ್ನೇ ಹೇಳುವುದು. ಬಿಡದೆ ಹೇಳುವುದು ಎಂಬ ಗ್ರೈಪಿನ ಜೀವಾಳ ತಕರಾರಿನ ಬೇರಿನಲ್ಲೇ ಇದೆ. ನಮ್ಮ ವಿದ್ಯಾರ್ಥಿನಿ ‘ನನ್ನ ಒಂದೇ ತಕರಾರೆಂದರೆ’ ಎಂದು ಧೈರ್ಯವಾಗಿ ಬರೆಯಬಹುದು. ಎರಡನೆಯದಕ್ಕೆ ‘ಗೊಣಗುತ್ತಲೇ ಇರುತ್ತಾನೆ’, ‘ಅವನದು ಇದ್ದದ್ದೇ ವರಾತ’ ಸರಿಹೋಗುತ್ತದೆ.

‘ಕೊಳ್ಳು’ ಮಾಡುವ ಕೆಲಸ

ಇದಕ್ಕಿಂತ ಹೆಚ್ಚಿನ ಬೆರಗು ನನಗೆ ಸಿಕ್ಕಿದ್ದು ನಿಘಂಟಿನಲ್ಲಲ್ಲ, ವ್ಯಾಕರಣದಲ್ಲಿ. ಈ ಜೋಡಿಗಳನ್ನು ಸ್ವಲ್ಪ ಗಟ್ಟಿಯಾಗಿ ಓದಿಕೊಳ್ಳಿ:

ಬೈದ – ಬೈದುಕೊಂಡ
ಹೇಳಿದ – ಹೇಳಿಕೊಂಡ
ಗೊಣಗಿದ – ಗೊಣಗಿಕೊಂಡ

‘ಮ್ಯಾನೇಜರನ್ನು ಬೈದ’ ಎಂದರೆ ಮುಖದ ಮುಂದೆ ಬೈದ. ‘ಮ್ಯಾನೇಜರನ್ನು ಬೈದುಕೊಂಡ’ ಎಂದರೆ ಮ್ಯಾನೇಜರಿಗೆ ಕೇಳಿಸಲಿಲ್ಲ. ‘ಅಧಿಕಾರಿಗೆ ಕಷ್ಟ ಹೇಳಿದ’ ಎಂದರೆ ಕೆಲಸ ಆಗಲಿ ಎಂದು ಹೇಳಿದ. ‘ಗೆಳೆಯನ ಹತ್ತಿರ ಕಷ್ಟ ಹೇಳಿಕೊಂಡ’ ಎಂದರೆ ಮನಸ್ಸು ಹಗುರವಾಗಲಿ ಎಂದು ಹೇಳಿದ; ಗೆಳೆಯ ಏನೂ ಮಾಡಲಾರ ಎಂಬುದು ಇಬ್ಬರಿಗೂ ಗೊತ್ತು. ಇಂಗ್ಲಿಷಿನವರು ಒಂದು ಬೇರೆ ಪದ ಹುಟ್ಟಿಸಿ ಹೇಳಬೇಕಾದದ್ದನ್ನು ಕನ್ನಡ ‘ಕೊಳ್ಳು’ ಎಂಬ ಒಂದು ಬಾಲ ಅಂಟಿಸಿ ಹೇಳಿಬಿಡುತ್ತದೆ. ಈ ಬಾಲ ಮಾತನ್ನು ಕೇಳಬೇಕಾದವನಿಂದ ತಿರುಗಿಸಿ ಹೇಳುವವನ ಕಡೆಗೇ ತರುತ್ತದೆ.

ಇನ್ನೂ ಒಂದು. “ಗೊಣಗ್ಕೊಂಡೇ ಇರ್ತಾನೆ” ಎನ್ನುವಾಗ ಅದೇ ‘ಕೊಂಡು’ ನಿಲ್ಲದೆ ನಡೆಯುವುದನ್ನೂ ಸೂಚಿಸುತ್ತದೆ. ತಮಿಳಿನಲ್ಲೂ ಹಾಗೆಯೇ: ‘ಪುಲಂಬಿಕಿಟ್ಟೇ ಇರುಕ್ಕಾನ್’ ಎನ್ನುವಲ್ಲಿನ ‘ಕಿಟ್ಟು’ ನಮ್ಮ ‘ಕೊಂಡು’ವಿನ ಅಣ್ಣತಮ್ಮ. ತನ್ನೊಳಗೇ ಇರುವುದು, ನಿಲ್ಲದೆ ಇರುವುದು, ಗ್ರೈಪಿನ ಈ ಎರಡು ಲಕ್ಷಣಗಳೂ ಒಂದೇ ಪ್ರತ್ಯಯದಲ್ಲಿ ಅಡಗಿವೆ. ಮತ್ತು ‘ಕೊಳ್’ ಎಂಬ ಧಾತುವಿನ ಅರ್ಥವಾದರೂ ಏನು? ತೆಗೆದುಕೋ, ಹಿಡಿ! ಗ್ರೈಪಿನ ಮೊದಲ ಅರ್ಥ. ಎರಡಕ್ಕೂ ವಂಶದ ಸಂಬಂಧವಿಲ್ಲ, ನಿಜ. ಮನುಷ್ಯರ ಅನುಭವಕ್ಕೆ ಸಂಬಂಧ ಇದ್ದೀತು.

ಯಾರ ಮಾತು ಗೊಣಗಾಟ?

ಇಲ್ಲಿಗೆ ಪದದ ಪಾಠ ಮುಗಿಯಿತು. ಆದರೆ ಮುಖ್ಯವಾದ ಮಾತು ಇನ್ನು ಮುಂದಿದೆ.

2019ರ ಬೇಸಿಗೆ ಚೆನ್ನೈಯಲ್ಲಿದ್ದವರಿಗೆ ಮರೆಯುವಂಥದ್ದಲ್ಲ. ಪೂಂಡಿ, ಚೋಳವರಂ, ರೆಡ್‌ಹಿಲ್ಸ್, ಚೆಂಬರಂಬಾಕ್ಕಂ ಈ ನಾಲ್ಕೂ ಕೆರೆಗಳು ಹೆಚ್ಚುಕಡಿಮೆ ಬರಿದಾದವು. ಜುಲೈ 12ರಂದು ಜೋಲಾರ್‌ಪೇಟೆಯಿಂದ ಐವತ್ತು ವ್ಯಾಗನ್ನುಗಳ ರೈಲು 25 ಲಕ್ಷ ಲೀಟರ್ ನೀರು ಹೊತ್ತು ಊರಿಗೆ ಬಂದದ್ದು ದೇಶದ ಪತ್ರಿಕೆಗಳಲ್ಲೆಲ್ಲ ಸುದ್ದಿಯಾಯಿತು. ಆ ದಿನಗಳಲ್ಲಿ ತಿರುವಲ್ಲಿಕ್ಕೇಣಿಯ ನಮ್ಮ ಬೀದಿಯಲ್ಲೂ ಪ್ಲಾಸ್ಟಿಕ್ ಕೊಡಗಳ ಸಾಲು. ಸಾಲಿನಲ್ಲಿ ನಾನೂ ಇದ್ದೆ. ಮುಂದೆ ನಿಂತಿದ್ದ ನಮ್ಮ ಕಡೆಯ ಒಬ್ಬ ಅಜ್ಜಿ ಒಂದೇ ಸಮನೆ ಹೇಳುತ್ತಿದ್ದರು: “ಶುಕ್ರವಾರ ಮೂರು ಕೊಡ ಕೊಟ್ಟ. ಮೊನ್ನೆ ಎರಡು. ನಿನ್ನೆ ಒಂದೇ. ಇವತ್ತು ಗಂಟೆ ಹತ್ತಾಯ್ತು, ಲಾರೀನೇ ಇಲ್ಲ. ಮನೇಲಿ ಬಾಣಂತಿ ಇದಾಳೆ. ಯಾರ್ನ ಹೋಗಿ ಕೇಳೋದಪ್ಪಾ ಇದನ್ನ?” ಜೊತೆಗಿದ್ದ ಮೊಮ್ಮಗ ಎರಡು ಸಲ ಕೇಳಿ, ಮೂರನೆಯ ಸಲಕ್ಕೆ “ಅಜ್ಜೀ, ಗೊಣಗ್ಬೇಡ, ಸುಮ್ನಿರು” ಎಂದ. ಅವರು ಸುಮ್ಮನಾದರು.

ಅಜ್ಜಿಯ ಮಾತನ್ನು ಇನ್ನೊಮ್ಮೆ ಓದಿ. ಅದರಲ್ಲಿ ದಿನ ಇದೆ, ಲೆಕ್ಕ ಇದೆ, ಹೊತ್ತು ಇದೆ, ಕಾರಣ ಇದೆ. ಒಂದು ಒಳ್ಳೆಯ ಅರ್ಜಿಯಲ್ಲಿ ಇರಬೇಕಾದದ್ದು ಇದಕ್ಕಿಂತ ಹೆಚ್ಚೇನು? ಇಲ್ಲದಿದ್ದುದು ಒಂದೇ: ‘ಗೆ’ ಎಂದು ಬರೆದು ಹಾಕುವ ವಿಳಾಸ. ಅದನ್ನೂ ಅವರು ಕೇಳಿದ್ದರು, “ಯಾರ್ನ ಹೋಗಿ ಕೇಳೋದು” ಅಂತ. ಉತ್ತರ ಗೊತ್ತಿಲ್ಲದ ನಾವು ಅದನ್ನು ಗೊಣಗಾಟ ಎಂದೆವು.

ಗಮನಿಸಿ ನೋಡಿದರೆ ಮನೆಯಲ್ಲೂ ಊರಿನಲ್ಲೂ ಇದೇ ಕಥೆ. ಯಜಮಾನರು ಹೇಳಿದರೆ ಆಕ್ಷೇಪಣೆ, ಅತ್ತೆ ಹೇಳಿದರೆ ವಟವಟ, ಸೊಸೆ ಹೇಳಿದರೆ ಪಿರಿಪಿರಿ. ಮೇಲಿನವರದು ಅಭಿಪ್ರಾಯ, ಜವಾನನದು ತಕರಾರು. ಇಂಗ್ಲಿಷಿನಲ್ಲೂ ನ್ಯಾಗ್ ಎಂಬ ಪದ ಹೆಚ್ಚಾಗಿ ಹೆಂಗಸರ ಹಣೆಗೇ ಅಂಟಿಕೊಂಡಿದೆ. ಮಾತಿನ ಸಾರ ಏನು ಎಂದು ನೋಡಿ ನಾವು ಈ ಹೆಸರುಗಳನ್ನು ಇಡುವುದಿಲ್ಲ. ಮಾತಾಡುವವರು ಎಲ್ಲಿ ನಿಂತಿದ್ದಾರೆ ಎಂದು ನೋಡಿ ಇಡುತ್ತೇವೆ. ಪದೇ ಪದೇ ಹೇಳುತ್ತಾರೆ ಎಂಬುದೇ ಅವರ ಮೇಲಿನ ದೊಡ್ಡ ಆರೋಪ. ಮೊದಲ ಸಲ ಹೇಳಿದಾಗಲೇ ಯಾರಾದರೂ ಕೇಳಿದ್ದರೆ ಎರಡನೆಯ ಸಲ ಹೇಳುವ ಪ್ರಮೇಯವೇ ಬರುತ್ತಿರಲಿಲ್ಲ ಎಂಬುದನ್ನು ಆರೋಪಿಸುವವರು ಮರೆಯುತ್ತಾರೆ.

ಹಾಗೆಂದು ಎಲ್ಲ ಗೊಣಗಾಟವೂ ನ್ಯಾಯವಾದದ್ದು ಎಂದು ನಾನು ವಾದಿಸುವುದಿಲ್ಲ. ಕುಣಿಯಲಾರದೆ ನೆಲ ಡೊಂಕು ಎಂದವಳ ಸಂತತಿ ಎಲ್ಲ ಹಾಸ್ಟೆಲಿನಲ್ಲೂ ಇದೆ. ಆದರೆ ಇದು ಯಾವ ಜಾತಿಯದು ಎಂದು ತೀರ್ಮಾನಿಸುವ ಮೊದಲು ಒಮ್ಮೆ ಪೂರ್ತಿ ಕೇಳಬೇಕು. ಅನುವಾದ ಮಾಡುವವರಿಗಂತೂ ಇದು ಕರ್ತವ್ಯ. ಮೂಲದಲ್ಲಿ ಗ್ರೈಪ್ ಎಂದಿದ್ದರೆ ಅದು ಹೇಳುವವನ ಮಾತೋ, ಅವನನ್ನು ಹೀಗಳೆಯುವವರ ಮಾತೋ ಎಂದು ನೋಡಿಯೇ ಕನ್ನಡ ಪದ ಹಾಕಬೇಕು. ಮೂಲದಲ್ಲಿಲ್ಲದ ತಿರಸ್ಕಾರವನ್ನು ನಮ್ಮ ಲೇಖನಿ ಸೇರಿಸಬಾರದು.

ಗೊಣಗಾಟದಿಂದ ಅಹವಾಲಿಗೆ

ಗ್ರೈಪಿಗೆ ಒಬ್ಬ ಮರ್ಯಾದಸ್ಥ ಅಣ್ಣನಿದ್ದಾನೆ: ‘ಗ್ರೀವೆನ್ಸ್’. ಲ್ಯಾಟಿನ್ನಿನ ‘ಭಾರ’ ಎಂಬ ಅರ್ಥದ ಪದದಿಂದ ಬಂದವನು. ನಮ್ಮ ಸರ್ಕಾರಿ ಕನ್ನಡದಲ್ಲಿ ಅದು ‘ಕುಂದುಕೊರತೆ’. ತಮಿಳುನಾಡಿನ ಕಲೆಕ್ಟರ್ ಕಚೇರಿಗಳಲ್ಲಿ ಸೋಮವಾರ ನಡೆಯುವ ಜನರ ಅಹವಾಲಿನ ದಿನಕ್ಕೆ ‘ಕುರೈ ತೀರ್ಕುಂ ನಾಳ್’ ಎನ್ನುತ್ತಾರೆ. ಆ ‘ಕುರೈ’ಯೂ ನಮ್ಮ ‘ಕೊರತೆ’ಯೂ ಒಂದೇ ಬೇರಿನವು. ಇಂಗ್ಲಿಷಿನವರಿಗೆ ಹೊರೆಯಾಗಿ ಕಂಡದ್ದು ನಮಗೂ ತಮಿಳರಿಗೂ ಇಲ್ಲದಿರುವಿಕೆಯಾಗಿ ಕಂಡಿದೆ. ಕೊಡದಲ್ಲಿ ಇಲ್ಲದ ನೀರಿನ ಹಾಗೆ.

ಇಲ್ಲಿನ ಇತರ ಪದಗಳೂ ಸ್ವಾರಸ್ಯವೇ. ‘ಫಿರ್ಯಾದು’ ಪಾರಸಿಯಿಂದ ಬಂದದ್ದು. ಮೂಲದಲ್ಲಿ ಅದು ಕಾಪಾಡಿ ಎಂಬ ಕೂಗು. ‘ಅಹವಾಲು’ ಅರಬ್ಬಿಯದು, ‘ಹಾಲ್’ ಅಂದರೆ ಸ್ಥಿತಿ ಎಂಬುದರ ಬಹುವಚನ. ಅಹವಾಲು ಹೇಳುವುದೆಂದರೆ ನನ್ನ ಪರಿಸ್ಥಿತಿ ಹೀಗಿದೆ ಎಂದು ಹೇಳುವುದು, ಅಷ್ಟೇ. ಅಳಬೇಕಾಗಿಲ್ಲ, ಕೂಗಬೇಕಾಗಿಲ್ಲ. ಅಜ್ಜಿಯ ಮಾತಿಗೆ ಸರಿಯಾದ ಹೆಸರು ಇದೇ ಎಂದು ನನಗೆ ತೋರುತ್ತದೆ.

ಊರು ಬಿಟ್ಟು ಊರಿನಲ್ಲಿರುವ ನಮ್ಮಂಥ ಕನ್ನಡದವರಿಗೆ ಈ ವ್ಯತ್ಯಾಸ ಬರೀ ಪದದ ಆಟವಲ್ಲ. ನಮ್ಮ ಸಂಜೆಯ ಹರಟೆಗಳನ್ನು ನೆನಪು ಮಾಡಿಕೊಳ್ಳಿ. ಕನ್ನಡ ತರಗತಿಗೆ ಜನ ಸಾಲದು, ಪುಸ್ತಕ ಸಿಗದು, ಊರಿನ ಪತ್ರಿಕೆ ಬಾರದು. ಎಲ್ಲ ಸತ್ಯ, ಎಲ್ಲವೂ ‘ಕೊಂಡು’: ಹೇಳಿಕೊಂಡು, ಬೈದುಕೊಂಡು, ಕಾಫಿ ಕುಡಿದುಕೊಂಡು. ವಿಳಾಸ ಬರೆದು ಕಳಿಸಿದ್ದು ಎಷ್ಟು?

ಬರೆದವರಿಗೆ ದಾರಿ ಇದೆ. 2006ರ ತಮಿಳು ಕಲಿಕೆ ಕಾಯಿದೆಯಿಂದ ತಮಿಳುನಾಡಿನ ಶಾಲೆಗಳಲ್ಲಿ ತಮಿಳು ಕಡ್ಡಾಯವಾಗುತ್ತ ಬಂದು, ಅದು ಹತ್ತನೆಯ ತರಗತಿಯ ಪರೀಕ್ಷೆಗೆ ಬಂದು ಮುಟ್ಟಿದಾಗ, ಭಾಷಾ ಅಲ್ಪಸಂಖ್ಯಾತ ಮಕ್ಕಳ ಕಡೆಯವರು ಮನೆಯಲ್ಲಿ ಗೊಣಗಿಕೊಂಡು ಕೂರಲಿಲ್ಲ. ಮದರಾಸು ಹೈಕೋರ್ಟಿಗೆ ಹೋಗಿ ಆಗಿನ ಪರೀಕ್ಷೆಗಳಿಗೆ ವಿನಾಯಿತಿ ತಂದರು. ಕಾಯಿದೆ ಸರಿಯೋ ತಪ್ಪೋ ಎಂಬ ಚರ್ಚೆ ಬೇರೆ. ಕೊರತೆ ಬಾಯಿಂದ ಕಾಗದಕ್ಕೆ ಇಳಿದಾಗ ಉತ್ತರ ಕೊಡಲೇಬೇಕಾದ ಒಬ್ಬರು ಎದುರಿಗೆ ಬಂದು ನಿಲ್ಲುತ್ತಾರೆ ಎಂಬುದಷ್ಟೇ ಇಲ್ಲಿ ಪ್ರಸ್ತುತ.

ನಮ್ಮ ಸಂವಿಧಾನದ 350ನೆಯ ವಿಧಿಯನ್ನು ಎಷ್ಟು ಜನ ಓದಿದ್ದೀರೋ ಕಾಣೆ. ತನ್ನ ಕುಂದುಕೊರತೆಯ ಪರಿಹಾರಕ್ಕಾಗಿ ಯಾವ ವ್ಯಕ್ತಿಯಾದರೂ ಒಕ್ಕೂಟದ ಅಥವಾ ರಾಜ್ಯದ ಯಾವ ಅಧಿಕಾರಿಗಾದರೂ, ಒಕ್ಕೂಟದಲ್ಲಿ ಅಥವಾ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಮನವಿ ಕೊಡಬಹುದು ಎಂಬುದು ಅದರ ಸಾರ. ಉತ್ತರ ಯಾವ ಭಾಷೆಯಲ್ಲಿ ಬರಬೇಕೆಂದು ಅದು ಹೇಳುವುದಿಲ್ಲ, ನಿಜ. ಆದರೆ ಕೇಳುವ ಹಕ್ಕು ನಮ್ಮ ನುಡಿಯಲ್ಲೇ ಇದೆ. ಚೆನ್ನೈಯ ಬೀದಿಯಲ್ಲಿ ಕೊಡ ಹಿಡಿದು ನಿಂತ ಕನ್ನಡದ ಅಜ್ಜಿ “ಯಾರ್ನ ಹೋಗಿ ಕೇಳೋದಪ್ಪಾ” ಎಂದರೆ ಅದನ್ನು ಬರೆದುಕೊಂಡು, ಮೇಲೆ ‘ಇವರಿಗೆ’ ಎಂದು ಸೇರಿಸಿ ಕೊಡುವಷ್ಟು ಕನ್ನಡ ನಮಗೆ ಬರುತ್ತದೆ.

ಕೊನೆಗೆ ಇನ್ನೊಂದು ಪದ. ಪತ್ರಿಕೆಗಳಲ್ಲಿ ದಿನವೂ ಕಾಣುವ ‘ಆಗ್ರಹ’. ಅದೂ ‘ಹಿಡಿ’ ಎಂಬ ಧಾತುವಿನಿಂದಲೇ ಬಂದದ್ದು; ಬಿಡದೆ ಹಿಡಿಯುವುದು. ಅದಕ್ಕೆ ‘ಸತ್ಯ’ ಸೇರಿಸಿ ಗಾಂಧೀಜಿ ದಕ್ಷಿಣ ಆಫ್ರಿಕದಲ್ಲಿ ಒಂದು ಹೊಸ ಪದವನ್ನೇ ಕೊಟ್ಟರು. ಗ್ರೈಪಿಗೂ ಆಗ್ರಹಕ್ಕೂ ಇರುವ ವ್ಯತ್ಯಾಸ ನನಗೆ ಕಂಡಂತೆ ಇಷ್ಟು: ಗ್ರೈಪಿನಲ್ಲಿ ಕೊರತೆ ನಮ್ಮನ್ನು ಹಿಡಿದಿರುತ್ತದೆ, ಆಗ್ರಹದಲ್ಲಿ ಕೊರತೆಯನ್ನು ನಾವು ಹಿಡಿದಿರುತ್ತೇವೆ.

ಗೊಣಗಾಟಕ್ಕೆ ನಿಮ್ಮ ಮನೆಗಳಲ್ಲಿ, ನಿಮ್ಮ ಸೀಮೆಗಳಲ್ಲಿ ಇನ್ನೂ ಏನೇನು ಪದಗಳಿವೆಯೋ ಬರೆದು ಸಂಘಕ್ಕೆ ಕೊಡಿ. ಹೊಸೂರಿನವರು, ತಾಳವಾಡಿಯವರು, ಕಾಸರಗೋಡಿನವರು ವಿಶೇಷವಾಗಿ ಕೊಡಬೇಕು. ಸಂಘದ ಮೇಲೆಯೇ ತಕರಾರಿದ್ದರೆ ಅದನ್ನೂ ಬರೆಯಬಹುದು. ಕಾಗದದ ಮೇಲೆ ಯಾರಿಗೆ ಎಂದು ನಮೂದಿಸಿದರೆ ಸಾಕು.